ಏಳುನೂರು ಶಬ್ದದೊಳಗಿನ ಅತ್ತೆ

ರಾಣೇಬೆನ್ನೂರಿನ ಪ್ರವೀಣಕುಮಾರ ತನ್ನ ಬೀಜದಂಗಡಿಗೆ ವೆಬ್‌ಸೈಟು ಮಾಡಿಸಿದ್ದು 2007ರಲ್ಲಿ. ಅವನ ಗಿರಾಕಿಗಳೆಲ್ಲ ಸುತ್ತಲಿನ ಹಳ್ಳಿಯ ರೈತರು. ಬಸ್ಸಿಳಿದು ಸೀದಾ ಅಂಗಡಿಗೆ ಬರುತ್ತಿದ್ದರೇ ಹೊರತು ವೆಬ್‌ಸೈಟು ಹುಡುಕಿದವರು ಒಬ್ಬರೂ ಇರಲಿಲ್ಲ. ಆದರೆ ಹುಬ್ಬಳ್ಳಿಯಲ್ಲಿ ಯಾರೋ ಟೈ ಕಟ್ಟಿಕೊಂಡವರು ನಡೆಸಿದ ಒಂದು ದಿನದ ತರಬೇತಿಗೆ ಹೋಗಿಬಂದ ಮೇಲೆ ಅವನಿಗೆ ಜಗತ್ತೇ ಗಿರಾಕಿಯಾಗಿ ಕಾಣತೊಡಗಿತ್ತು.

“ಆರ್ಟಿಕಲ್ ಡೈರೆಕ್ಟರಿ ಅಂತ ಅದಾವ ಸುರೇಖಾ,” ಎಂದ ಹೆಂಡತಿಗೆ, ಬೂಟನ್ನೂ ಬಿಚ್ಚದೆ. “ಇಂಗ್ಲಿಷಿನ್ಯಾಗ ಲೇಖನ ಬರದು ಕಳಿಸಿದ್ರ ಪುಕ್ಕಟೆ ಹಾಕ್ತಾರ. ಕಡೀಕ ನಮ್ಮ ಅಂಗಡಿ ಹೆಸರು, ಲಿಂಕು ಹಾಕ್ಕೋಬಹುದು. ಓದಿದವರು ಅದನ್ನ ಒತ್ತಿ ನಮ್ಮ ವೆಬ್‌ಸೈಟಿಗೇ ಬರ್ತಾರ.”

“ಹಂಗಾರ ಬರೀರಿ.”

“ನಾ ಅಲ್ಲ, ನೀ ಬರೀಬೇಕು. ಇಂಗ್ಲಿಷ್ ಟೀಚರ್ ಆಗಿದ್ದಾಕಿ ನೀನು. ಒಂದs ಮಾತು ನೆನಪಿಟ್ಕೊ. ನಾನೂರು ಶಬ್ದಕ್ಕಿಂತ ಕಡಿಮಿ ಇದ್ರ ಅವರು ತಗೊಳ್ಳೂದಿಲ್ಲ. ಏಳುನೂರು ದಾಟಿದ್ರ ಯಾರೂ ಓದೂದಿಲ್ಲ.”

ಸುರೇಖಾಳ ತವರು ಬ್ಯಾಡಗಿ. ಮದುವೆಗೆ ಮುಂಚೆ ಅಲ್ಲೊಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಮೆಣಸಿನಕಾಯಿಯ ಬಗ್ಗೆ ಬರೆಯುವುದೆಂದರೆ ಅವಳಿಗೆ ಯೋಚಿಸುವ ಕೆಲಸವೇ ಇರಲಿಲ್ಲ. ಸುಕ್ಕುಗಟ್ಟಿದ ಸಿಪ್ಪೆ, ಕಡುಗೆಂಪು ಬಣ್ಣ, ಕಣ್ಣನ್ನು ಹೆದರಿಸಿ ನಾಲಿಗೆಗೆ ಸೌಮ್ಯವಾಗುವ ಗುಣ, ಮಾರುಕಟ್ಟೆಯ ದಿನ ಇಡೀ ಊರು ಸೀನುವುದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮುಗಿಸಿದಳು. ಓದಿ ನೋಡಿದಾಗ ಒಂದು ಶಬ್ದ ಸೇರಿಸುವುದಕ್ಕೂ ಜಾಗ ಕಾಣಲಿಲ್ಲ. ಬಹಳ ದಿನಗಳ ಮೇಲೆ ಅವಳಿಗೆ ತನ್ನ ಬಗ್ಗೆಯೇ ಹೆಮ್ಮೆಯೆನಿಸಿತು.

ಲೇಖನ ವಾಪಸು ಬಂತು. ಶಬ್ದ ಸಾಲವಂತೆ.

“ಇನ್ನೊಂದು ಇನ್ನೂರು ಹಾಕು,” ಎಂದ ಪ್ರವೀಣಕುಮಾರ.

“ಹೇಳೂದೆಲ್ಲಾ ಮುಗದೈತ್ರಿ.”

“ಮುಗದ ಮ್ಯಾಲೂ ಹೇಳಬೇಕಂತ. ನಿಯಮ ಐತಿ.”

ಅವಳು ಒಪ್ಪದಿದ್ದಾಗ ತಾನೇ ಕುಳಿತು ಹಾಕಿದ. ‘ಇಂದಿನ ಆಧುನಿಕ ಯುಗದಲ್ಲಿ ಮೆಣಸಿನಕಾಯಿಯ ಮಹತ್ವವನ್ನು ಯಾರೂ ಅಲ್ಲಗಳೆಯುವಂತಿಲ್ಲ’ ಎಂಬ ವಾಕ್ಯ ಮೊದಲಿಗೊಮ್ಮೆ, ನಡುವೊಮ್ಮೆ, ಕೊನೆಗೊಮ್ಮೆ ಬಂತು. ಡೈರೆಕ್ಟರಿಯವರು ಮರುದಿನವೇ ಒಪ್ಪಿಕೊಂಡರು.

ಸುರೇಖಾಳಿಗೆ ಸಿಟ್ಟು ಬಂತು. ಶಬ್ದ ಬೇಕೆ, ಕೊಡುತ್ತೇನೆ ಎಂದು ಮುಂದಿನ ಲೇಖನದಲ್ಲಿ ಮನೆಯನ್ನೇ ತಂದು ಸುರಿದಳು. ವರ್ಷಕ್ಕಾಗುವ ಖಾರದ ಪುಡಿ ಮಾಡಿಕೊಳ್ಳುವ ಹೊತ್ತಿಗೆ ತನಗೂ ಅತ್ತೆ ಸೋಮವ್ವನಿಗೂ ನಡೆದ ಜಗಳ ಅದು. ಖಾರವನ್ನು ಗಿರಣಿಗೆ ಹಾಕಿಸೋಣ ಎಂದು ಸೊಸೆ. ಗಿರಣಿಯ ಬಿಸಿಗೆ ಬಣ್ಣ ಸಾಯುತ್ತದೆ, ಮನೆಯಲ್ಲೇ ಕುಟ್ಟಬೇಕು ಎಂದು ಅತ್ತೆ. ಯಾರು ಏನಂದರು, ಯಾರು ಪಾತ್ರೆ ಕುಕ್ಕಿದರು ಎಂದು ಒಂದನ್ನೂ ಬಿಡದೆ ಬರೆದಳು. ಬರೆಯುತ್ತ ಸಿಟ್ಟೂ ಇಳಿಯಿತು, ನಗುವೂ ಬಂತು. ಮುಗಿಯುವಾಗ ಸಾವಿರ ಶಬ್ದ ದಾಟಿತ್ತು.

“ಎರಡು ಮಾಡಿದ್ರಾತು,” ಎಂದ ಪ್ರವೀಣಕುಮಾರ. ಏಳುನೂರನೆಯ ಶಬ್ದದ ಹತ್ತಿರ ಯಾವ ವಾಕ್ಯ ಮುಗಿಯುತ್ತಿತ್ತೋ ಅಲ್ಲಿಗೆ ಕತ್ತರಿಸಿದ. ಓದಿ ನೋಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಹೀಗೆ ಮೊದಲ ಭಾಗದ ಕೊನೆಯ ವಾಕ್ಯ ಇದಾಯಿತು: ‘ಆಗ ನಮ್ಮತ್ತೆ ಎರಡೂ ಕೈಯಲ್ಲಿ ಒನಕೆ ಎತ್ತಿ ನನ್ನ ಕಡೆ ತಿರುಗಿದರು.’ ಅದರ ಕೆಳಗೆ ಅಂಗಡಿಯ ಹೆಸರು, ‘ಉತ್ತಮ ಬೀಜಗಳಿಗಾಗಿ ಇಲ್ಲಿ ಒತ್ತಿ’ ಎಂಬ ಸಾಲು.

ಜನ ಒತ್ತಿದರು. ಯಾವ್ಯಾವುದೋ ದೇಶದವರು ಒತ್ತಿದರು. ಅಂಗಡಿಯ ಇ-ಮೇಲಿಗೆ ಪತ್ರಗಳು ಬರತೊಡಗಿದವು. ಬೀಜದ ಮಾತು ಯಾವುದರಲ್ಲೂ ಇರಲಿಲ್ಲ. ಆ ಸೊಸೆ ಕ್ಷೇಮವಾಗಿದ್ದಾಳೆಯೇ? ಆಸ್ಪತ್ರೆಗೆ ಸೇರಿಸಿದಿರಾ? ಕೆನಡಾದ ಹೆಂಗಸೊಬ್ಬಳು ನೊಂದ ಹೆಣ್ಣುಮಕ್ಕಳ ಸಹಾಯವಾಣಿಯ ನಂಬರು ಕಳಿಸಿ, ಗಂಡ ಮನೆಯಲ್ಲಿ ಇಲ್ಲದಾಗ ಫೋನು ಮಾಡು ಎಂದು ಬರೆದಿದ್ದಳು. ಆ ಪತ್ರವನ್ನು ತೆರೆದು ಓದಿದವನು ಗಂಡನೇ.

“ಉಳದದ್ದನ್ನ ಲಗೂನ ಹಾಕ್ರಿ,” ಎಂದಳು ಸುರೇಖಾ. “ಮಂದಿ ಅತ್ತಿಯವರನ್ನ ಏನಂತ ತಿಳ್ಕೊಂಡಾರು?”

“ತಡಿ ತಡಿ. ಇಷ್ಟು ಮಂದಿ ಎಂದಾರ ಬಂದಿದ್ರೇನು? ಹೇಳಿಬಿಟ್ರ ಯಾರು ಬರ್ತಾರ?”

ಎರಡನೆಯ ಭಾಗ ಕಂಪ್ಯೂಟರಿನಲ್ಲೇ ಉಳಿಯಿತು. ಸೋಮವ್ವ ಪರದೇಶಗಳಲ್ಲಿ ಒನಕೆ ಎತ್ತಿಕೊಂಡೇ ನಿಂತಿದ್ದಳು.

ಕೊನೆಗೆ ಸೋಮವ್ವನಿಗೆ ಸುದ್ದಿ ಮುಟ್ಟಿದ್ದು ಹಾವೇರಿಯಿಂದ. ಅಲ್ಲಿದ್ದ ಮಗಳು ಪುಷ್ಪಲತಾ ಸೈಬರ್ ಕೆಫೆಯಲ್ಲಿ ಅಣ್ಣನ ವೆಬ್‌ಸೈಟು ಹುಡುಕಲು ಹೋಗಿ ಲೇಖನ ಓದಿ, ಅತ್ತಿಗೆಗೆ ಏನಾಯಿತೋ ಎಂಬ ಗಾಬರಿಯಿಂದ ಫೋನು ಮಾಡಿದಳು: “ಅವ್ವಾ, ವೈನಿಗೆ ಒನಕಿಲೆ ಹೊಡದಿ ಏನ?”

ಸೋಮವ್ವ ಫೋನಿಟ್ಟು ಅಂಗಡಿಯ ಹಿಂದಿನ ಕೋಣೆಗೆ ಬಂದಳು. ಮಗ ಪರದೆಯ ಮುಂದೆ ಕುಳಿತಿದ್ದ.

“ಏನಂತ ಹಾಕೀದಿಪಾ ನನ್ನ ಬಗ್ಗೆ?”

ಮಗ ತೊದಲಿದ. ಸುರೇಖಾಳೇ ಬಂದು ಎಲ್ಲವನ್ನೂ ಕನ್ನಡದಲ್ಲಿ ಓದಿ ಹೇಳಿದಳು, ಹಾಕದೆ ಉಳಿದ ಭಾಗವನ್ನೂ. ಅದರಲ್ಲಿದ್ದುದು ಇಷ್ಟೆ: ಅತ್ತೆ ಒನಕೆಯನ್ನು ಸೊಸೆಯ ಕೈಗೆ ಕೊಟ್ಟರು. ಸೊಸೆ ಸ್ವಲ್ಪ ಹೊತ್ತು ಕುಟ್ಟುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅತ್ತೆ ಕೊಬ್ಬರಿ ಎಣ್ಣೆ ಸವರಿ, ಯಾರಿಗೂ ಹೇಳದೆ ಡಬ್ಬಿ ಹೊತ್ತುಕೊಂಡು ತಾವೇ ಗಿರಣಿಗೆ ಹೋಗಿಬಂದರು.

ಸೋಮವ್ವ ಪರದೆಯತ್ತ ಬೆರಳು ಮಾಡಿದಳು. “ಇದನ್ನ ಹಾಕು. ಗಿರಣಿಗೆ ಹೋದದ್ದೊಂದು ತಗಿ. ಓಣ್ಯಾಗ ನಾ ಏನಂತ ಮಾರಿ ತೋರಸ್ಲಿ?”

“ಅದನ್ನ ತಗದ್ರ ಶಬ್ದ ಕಡಿಮಿ ಬೀಳ್ತಾವ್ರಿ ಅತ್ತಿ. ಈಗs ನಾನೂರು ಇಲ್ಲ.”

“ಅಂದ್ರ?”

“ಅಂದ್ರ ಅವರು ಹಾಕೂದಿಲ್ರಿ. ನೀವು ಹೊಡದೀರಿ ಅಂತನs ಉಳೀತೈತಿ.”

ಸೋಮವ್ವ ಕುರ್ಚಿ ಎಳೆದುಕೊಂಡು ಕುಳಿತಳು. “ಗಿರಣಿ ಇರ್ಲಿ ಹಂಗಾರ. ಕಡಿಮಿ ಬಿದ್ದದ್ದು ನಾ ಹೇಳ್ತೇನಿ, ಬರಕೊ. ನಾ ಯಾರ ಮ್ಯಾಲೂ ಕೈ ಮಾಡಿದಾಕಿ ಅಲ್ಲ. ಇದನ್ನ ಮದಲ ಬರಿ. ನಮ್ಮ ಸೊಸಿಗೆ ಖಾರ ಕುಟ್ಟಾಕ ಬರೂದಿಲ್ಲ, ಅದನ್ನೂ ಬರಿ.”

“ಎಷ್ಟು ಸಲ ಬರೀಲ್ರಿ?”

“ನಾನೂರು ಆಗೂತನಕ ಬರಿ.”

ಸುರೇಖಾ ನಗು ತಡೆದುಕೊಂಡು ಬರೆದಳು. ಮೆಣಸಿನಕಾಯಿ ಹುರಿಯುವ ಹದ, ಕೊತ್ತಂಬರಿ ಕಾಳಿನ ಪ್ರಮಾಣ, ಸೊಸೆಯ ಸೋಮಾರಿತನ, ಸೊಸೆ ಬಂದ ಮೇಲೆ ಮನೆ ತುಂಬಿದಂತಾದದ್ದು, ಎಲ್ಲವೂ ಸೋಮವ್ವನ ಬಾಯಿಂದ ಬಂದ ಹಾಗೆಯೇ ಸೇರಿದವು. ಕೊನೆಯ ಮಾತನ್ನು ಅತ್ತೆ ಈ ಮೊದಲು ಎಂದೂ ಆಡಿರಲಿಲ್ಲ. ಸುರೇಖಾ ತಲೆ ಎತ್ತದೆ ಅದನ್ನೂ ಇಂಗ್ಲಿಷಿಗೆ ತಿರುಗಿಸಿದಳು.

ಲೇಖನ ಪ್ರಕಟವಾಯಿತು. ಓದಿದವರು ಕೈಬೆರಳೆಣಿಕೆಯಷ್ಟು ಮಂದಿ. ಯಾರೂ ಹೊಡೆಸಿಕೊಂಡಿಲ್ಲ ಎಂಬ ಸುದ್ದಿಯನ್ನು ಯಾರೂ ಹುಡುಕಿಕೊಂಡು ಬರಲಿಲ್ಲ. ಪ್ರವೀಣಕುಮಾರ ಒಂದು ವಾರ ಮುಖ ಊದಿಸಿಕೊಂಡಿದ್ದ. ಕದರಮಂಡಲಗಿಯಿಂದ ಬಂದ ರೈತರು ಬೀಜಕ್ಕಾಗಿ ಕೂಗಿದ ಮೇಲೆಯೇ ಕಂಪ್ಯೂಟರು ಬಿಟ್ಟೆದ್ದ.

ಕೆನಡಾದ ಹೆಂಗಸು ಮಾತ್ರ ಬಿಡಲಿಲ್ಲ. ಉದ್ದನೆಯ ಪತ್ರ ಬರೆದಳು: ಎರಡನೆಯ ಭಾಗವನ್ನು ತಾನು ನಂಬುವುದಿಲ್ಲ, ಶೈಲಿಯೇ ಬೇರೆಯಾಗಿದೆ, ಅದನ್ನು ಬರೆಯುವಾಗ ಅತ್ತೆ ಪಕ್ಕದಲ್ಲೇ ಕುಳಿತು ಹೇಳಿ ಬರೆಸಿರಬೇಕು, ಧೈರ್ಯ ತಂದುಕೋ ತಂಗಿ.

ಸೋಮವ್ವ ಪರದೆಯನ್ನು ಇಣುಕಿ ನೋಡಿದಳು. “ಏನಂತ ಬರದಾಳವಾ?”

“ಚೊಲೋ ಆತು ಅಂದಾರ್ರಿ ಅತ್ತಿ.”

“ಅಷ್ಟನ್ನ ಹೇಳಾಕ ಇಷ್ಟುದ್ದ ಬರದಾಳ?”

“ಅವರಿಗೂ ನಿಯಮ ಇರಬೇಕ್ರಿ,” ಎಂದಳು ಸುರೇಖಾ.