ಚಿರತೆ ಹೊಡೆದ ನಾಯಿ

"ಈ ನಾಯಿ ಒಂದ್ಸಲ ಬೊಗಳಿದ್ರೆ ಮಧುಗಿರಿ ಬೆಟ್ಟದ ಮ್ಯಾಗ್ಳ ಗುಂಡು ಉರುಳಿ ಬತ್ತಾವೆ ಕಣ್ಲಾ!" ಎನ್ನುತ್ತ ಪಾಲಪ್ಪ ಗೆಳೆಯನ ಹೆಣ ಹೊರುವ ವಿಮಾನದ ಬಿದಿರಿಗೆ ಚೆಂಡುಹೂವಿನ ಹಾರ ಬಿಗಿದ. "ಇದರ ಬೆನ್ನ ಮ್ಯಾಲೆ ಕೂತ್ಕಂಡೇ ನಮ್ಮ ಅಡವಯ್ಯ ಶಿರಾ ಸಂತೆಗೆ ಹೋಗಿಬಂದ. ಬಸ್ಸಿಗಿಂತ ಮುಂಚೆ!"

"ಟಿಕೆಟ್ ಯಾರು ಹರಿದ್ರು?" ಬಿದಿರು ಹಿಡಿದಿದ್ದ ಸಣ್ಣರಂಗಯ್ಯ ಕೇಳಿದ.

ಪಾಲಪ್ಪ ಕೇಳಿಸದವನಂತಿದ್ದ. ಅಳು ಬಂದಾಗ ಅವನ ನಾಲಿಗೆ ಇನ್ನೂ ಜೋರಾಗಿ ಓಡುತ್ತಿತ್ತು.

ಜಗಲಿಯ ಮೇಲೆ ಅಡವಯ್ಯನನ್ನು ಅವರ ಪದ್ಧತಿಯಂತೆ ಚಕ್ಕಳಮಕ್ಕಳ ಹಾಕಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ತೊಡೆಯ ಮೇಲೆ ಹೊಸ ಶಾಲು. ದೂರದಿಂದ ನೋಡಿದರೆ ದಿನವೂ ಕೂರುವಂತೆಯೇ ಕೂತಿದ್ದ. ಬೇವಿನ ಮರಕ್ಕೆ ಕಟ್ಟಿದ ನಾಯಿ ಗ್ರೇಟ್ ಡೇನ್ ಜಾತಿಯದು, ಕರುವಿನಷ್ಟು ಎತ್ತರ. ಪಾಲಪ್ಪನ ಲೆಕ್ಕದಲ್ಲಿ ಎತ್ತಿನಷ್ಟು.

ಕೊರಟಗೆರೆಯಿಂದ ಬಂದಿದ್ದ ನಂಟ ಪ್ರಭುದೇವ್ ನಾಯಿಯನ್ನು ಒಂದು ಸುತ್ತು ಹಾಕಿ, ಅಡವಯ್ಯನ ಹೆಂಡತಿಯ ಬಳಿ ಕುಕ್ಕರಗಾಲಲ್ಲಿ ಕೂತ.

"ದೊಡ್ಡಮ್ಮ, ಇದನ್ನ ನಾನು ಕರ್ಕಂಡು ಹೋಗ್ತೀನಿ. ಬೆಟ್ಟದ ಬುಡದ ತೋಟದಲ್ಲಿ ಎರಡು ನಾಯೀನ ಚಿರತೆ ಹೊತ್ಕಂಡು ಹೋಯ್ತು. ಚಿರತೆ ಹೊಡ್ದಿರೋ ನಾಯೇ ಬೇಕು ನಂಗೆ. ರಾತ್ರಿ ಅಲ್ಲೇ ಕಟ್ತೀನಿ."

"ಒಬ್ಬಳೇ ನಾನು ಇದರ ಹೊಟ್ಟೆ ಹೆಂಗೆ ತುಂಬ್ಸಲಪ್ಪ," ಎಂದು ಶಿವರುದ್ರಮ್ಮ ಪಾಲಪ್ಪನ ಮುಖ ನೋಡಿದಳು. "ಕರ್ಕಂಡೋಗು, ಯಾರೂ ಬ್ಯಾಡ ಅನ್ನದಿದ್ರೆ."

ಪಾಲಪ್ಪನ ಕೈಯಲ್ಲಿದ್ದ ಹಾರ ಅಲ್ಲೇ ನಿಂತಿತು.

*

ತಮ್ಮೂರು ಕ್ಯಾತಗಾನಚೆರ್ಲಿನ ಹೊಲಗಳಲ್ಲಿ ಸೋಲಾರ್ ಹಲಗೆ ಎದ್ದ ಮೇಲೆ ಅಡವಯ್ಯನಿಗೆ ಬೆಳಗ್ಗೆ ಎದ್ದು ಹೋಗುವುದಕ್ಕೆ ಜಾಗವೇ ಉಳಿಯಲಿಲ್ಲ. ಮೊದಲೇ ಮಾತು ಕಡಿಮೆ. ಪಕ್ಕದ ಬೀದಿಯವರೂ "ಯಾವ ಅಡವಯ್ಯ?" ಎನ್ನುವಂಥ ಮನುಷ್ಯ. ವರ್ಗವಾಗಿ ಹೊರಟ ಸೋಲಾರ್ ಇಂಜಿನಿಯರೊಬ್ಬ ತನ್ನ ನಾಯಿಯನ್ನು ಅವನ ಕೈಗೆ ಕೊಟ್ಟು ಹೋದ.

ಒಂದು ಬೆಳಗ್ಗೆ ನಾಯಿಯ ಮೂಗಿನ ಮೇಲೆ ಗೀರು ಬಿದ್ದಿತ್ತು. ಟೀ ಅಂಗಡಿಗೆ ಓಡಿದ ಪಾಲಪ್ಪ "ಚಿರತೆ!" ಎಂದ. ಸಂಜೆಗೆ ಅದು ಎರಡು ಚಿರತೆ, ಒಂದು ಕರಡಿ ಆಯಿತು. ಪಾವಗಡದಿಂದ ಜನ ಬೈಕಿನಲ್ಲಿ ಬಂದು ಫೋಟೋ ತೆಗೆದುಕೊಂಡರು. ಬಂದವರೆಲ್ಲ ಯಜಮಾನನ ಹೆಸರು ಕೇಳಿದರು. ಅಡವಯ್ಯ ನಾಯಿಯ ಕಿವಿ ಸವರುತ್ತ, ನಾಚಿಕೊಂಡು, ಹೆಸರು ಹೇಳಿದ.

"ಸುಳ್ಳು ಜಾಸ್ತಿ ಆಯ್ತು ಕಣಪ್ಪ," ಎಂದ ಆಮೇಲೆ, ನಗುತ್ತ. "ಇರ್ಲಿ ಬುಡು. ಒಬ್ಬರಾದ್ರೂ ಮನೆಗೆ ಬತ್ತಾವ್ರೆ."

*

ತಮಟೆ ಎದ್ದಿತು. ಯಾರೋ ಪಟಾಕಿ ಸರಕ್ಕೆ ಕಡ್ಡಿ ಗೀರಿದರು.

ನಾಯಿ ಹಗ್ಗ ಕಿತ್ತಿತು. "ಅಯ್ಯಯ್ಯೋ!" ಎಂದು ಜನ ಚದುರಿ ಓಡಿದರು, ಸಣ್ಣರಂಗಯ್ಯ ಟ್ರ್ಯಾಕ್ಟರ್ ಹತ್ತಿದ. ನಾಯಿ ಯಾರನ್ನೂ ನೋಡಲಿಲ್ಲ. ಜಗಲಿಗೆ ಹಾರಿ, ಬಾಲವನ್ನು ಕಾಲ ಸಂದಿಗೆ ಸೇರಿಸಿ, ಅಡವಯ್ಯನ ತೊಡೆಯ ಮೇಲಿನ ಶಾಲಿನೊಳಕ್ಕೆ ತಲೆ ತೂರಿಸಿತು. ಅಷ್ಟು ದೊಡ್ಡ ಮೈ ಗಡಗಡ ನಡುಗುತ್ತಿತ್ತು.

ತಮಟೆ ನಿಂತಿತು.

"ಏನ್ ಪಾಲಪ್ಪ," ಪ್ರಭುದೇವ್ ಕೇಳಿದ, "ಚಿರತೆ ಹೊಡ್ದಿರೋ ನಾಯಿ ಪಟಾಕಿಗೆ ಹೆದರ್ತದಾ?"

"ದುಃಖ ಸಾರ್ ಅದಕ್ಕೆ... ದುಃಖದಾಗೆ ಹುಲೀನೂ ಇಂಗೇ..." ಎಂದು ಶುರು ಮಾಡಿದವನ ಕಣ್ಣು ನಡುಗುವ ಬೆನ್ನಿನ ಮೇಲೆ ಬಿತ್ತು. ಆ ಬೆನ್ನು ಇವತ್ತು ರಾತ್ರಿ ಬೆಟ್ಟದ ಬುಡದಲ್ಲಿ, ಕತ್ತಲಲ್ಲಿ.

"ಹೇಳ್ಬುಡು ಪಾಲಪ್ಪ," ಎಂದಳು ಶಿವರುದ್ರಮ್ಮ. "ನಮ್ಮ ಯಜಮಾನ್ರೇನೂ ಅಂದ್ಕಳಲ್ಲ."

ಪಾಲಪ್ಪ ಹೆಗಲ ಮೇಲಿನ ಟವೆಲ್ ತೆಗೆದ.

"ಚಿರತೆ ಅಲ್ಲ ಸಾರ್. ಬೆಕ್ಕು. ನಮ್ಮನೆ ಬೆಕ್ಕು. ಗೆದ್ದಿದ್ದೂ ಬೆಕ್ಕೇ." ಟ್ರ್ಯಾಕ್ಟರ್ ಮೇಲಿಂದ ನಗು ಕೇಳಿತು. ಅವನು ತಿರುಗಿ ನೋಡಲಿಲ್ಲ. "ಇದನ್ನ ತ್ವಾಟದಾಗೆ ಕಟ್ಟಬ್ಯಾಡಿ. ಕತ್ಲು ಅಂದ್ರೆ ಇದಕ್ಕೆ ಆಗಾಕಿಲ್ಲ. ಅಡವಯ್ಯ ದಿನಾ ಪಕ್ಕದಾಗೆ ಮಲಗ್ತಿದ್ದ."

"ಇನ್ಮೇಲೆ ಯಾರು ಮಲಗ್ತಾರೆ?"

ಪಾಲಪ್ಪ ಜಗಲಿ ಹತ್ತಿ, ಸತ್ತವನ ಪಕ್ಕದಲ್ಲಿ ಅವನಂತೆಯೇ ಚಕ್ಕಳಮಕ್ಕಳ ಹಾಕಿ ಕೂತು, ತನ್ನ ತೊಡೆ ತಟ್ಟಿದ. ಬಹಳ ಹೊತ್ತಾದ ಮೇಲೆ ಆ ದೊಡ್ಡ ತಲೆ ಶಾಲಿನಿಂದ ಈಚೆ ಬಂದು ಅವನ ಪಂಚೆಯೊಳಕ್ಕೆ ತೂರಿತು.

ಅಡವಯ್ಯನನ್ನು ಹೊತ್ತು ವಿಮಾನ ಎದ್ದಿತು, ತಮಟೆಯೂ ಮತ್ತೆ ಎದ್ದಿತು. ಮೊದಲ ಹೆಗಲು ಕೊಡಬೇಕಾದವನು ಜಗಲಿಯಲ್ಲೇ ಉಳಿದ, ನಾಯಿಯ ಕಿವಿಗಳನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು.