ಹಲ್ಲಿನ ಬಣ್ಣದ ಕಾರು

“ಮೂರನೇ ಗೇರಲ್ಲಿ ಪೂರ್ತಿ ಒತ್ತಿದ್ರೆ ಇದು ಹೇಗೆ ಕೂಗುತ್ತೆ?” ಎಂದು ಲಾರಿಯಮ್ಮ ಕೇಳಿದರು.

ಹಲ್ಲಿನ ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ. ಬೇರೆ ಯಾವ ಪ್ರಶ್ನೆ ಬಂದರೂ ಅವನು ತಯಾರಾಗಿದ್ದ. ಎರಡು ವರ್ಷದಲ್ಲಿ ಓಡಿದ್ದು ಆರುನೂರ ಹನ್ನೊಂದು ಕಿಲೋಮೀಟರು, ಮೈಮೇಲೆ ಒಂದು ಗೀರಿಲ್ಲ, ಮಳೆ ಕಂಡಿಲ್ಲ, ಬಿಸಿಲು ಕಂಡಿದ್ದೂ ಅಷ್ಟಕ್ಕಷ್ಟೇ, ಕಂಪನಿಯವರು ಈ ಮಾದರಿ ಮಾಡುವುದನ್ನೇ ನಿಲ್ಲಿಸಿರುವುದರಿಂದ ಬೆಲೆ ಇಳಿಯುವ ಮಾತೇ ಇಲ್ಲ. ಇದನ್ನೆಲ್ಲ ಅವನು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಕೊಂಡಿದ್ದ. ಕೂಗುವ ವಿಷಯ ಅವನ ಪಟ್ಟಿಯಲ್ಲಿ ಇರಲಿಲ್ಲ.

“ಚೆನ್ನಾಗೇ ಕೂಗುತ್ತೆ ಅಮ್ಮಾ,” ಎಂದ.

“ಚೆನ್ನಾಗಿ ಅಂದ್ರೆ? ಗುಡುಗುತ್ತಾ, ಸಿಳ್ಳೆ ಹಾಕುತ್ತಾ, ಗೊಣಗುತ್ತಾ?”

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಅವಳು ಗೋಡೆ ನೋಡುತ್ತಿದ್ದಳು. ಕಾರು ನಿಲ್ಲಿಸುವ ಆ ಸಣ್ಣ ಕೋಣೆಯಲ್ಲಿ ನೋಡಲು ಬೇರೆ ಏನೂ ಇರಲಿಲ್ಲ. ತಗಡಿನ ಬಾಗಿಲು, ಮಡಚಿಟ್ಟ ಹತ್ತಿ ಬಟ್ಟೆಯ ಹೊದಿಕೆ, ಧೂಳು ಒರೆಸಲು ತಂತಿಗೆ ನೇತುಹಾಕಿದ ಐದು ಬಗೆಯ ಮೃದು ಬಟ್ಟೆಗಳು. ನಡುವೆ ಆ ಕಾರು: ಎರಡೇ ಸೀಟು, ಮಡಚಿಡುವ ಮೇಲ್ಛಾವಣಿ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಂಥ ಮೈಕಟ್ಟು. ಕಾಗದದಲ್ಲಿ ಅದರ ಬಣ್ಣ ಬಿಳಿ ಎಂದು ಬರೆದಿತ್ತು. ಮೊದಲ ದಿನ ಅದನ್ನು ನೋಡಿದ ಹೆಂಡತಿ, “ಬಿಳಿ ಎಲ್ಲಿದೆ ರೀ? ಇದು ಎ-ಟು,” ಎಂದಿದ್ದಳು.

ಎ-ಟು ಎಂಬುದು ಹಲ್ಲಿನ ಬಣ್ಣ. ಗಂಡ ಹೆಂಡತಿ ಇಬ್ಬರದೂ ಕಟ್ಟುಹಲ್ಲು ಮಾಡುವ ಕೆಲಸ. ಮೇಣದಲ್ಲಿ ಅಚ್ಚು ತೆಗೆಯುವುದು, ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಸರಿಯಾಗಿ ಕಚ್ಚುವಂತೆ ಕೂರಿಸುವುದು, ಅರೆದು ಹೊಳಪು ಕೊಡುವುದು ಅವನ ಪಾಲು. ಬಣ್ಣ ಹೊಂದಿಸುವುದು ಅವಳ ಪಾಲು. ಅವರ ಕೆಲಸದ ಜಾಗ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು, ಹಗಲಲ್ಲೂ ಟ್ಯೂಬ್‌ಲೈಟು. ಟ್ಯೂಬ್‌ಲೈಟಿನ ಕೆಳಗೆ ಹಲ್ಲಿನ ಬಣ್ಣ ಸುಳ್ಳು ಹೇಳುತ್ತದೆ. ಹಾಗಾಗಿ ಅವಳು ಪ್ರತಿಯೊಂದು ಹಲ್ಲನ್ನೂ ಅಂಗೈಯಲ್ಲಿಟ್ಟುಕೊಂಡು ಹದಿನಾಲ್ಕು ಮೆಟ್ಟಿಲು ಹತ್ತಿ ಬೀದಿಗೆ ಬಂದು, ಹದಿನಾರು ಮಾದರಿ ಹಲ್ಲುಗಳ ಪಟ್ಟಿಯನ್ನು ಪಕ್ಕದಲ್ಲಿ ಹಿಡಿದು, ಹಗಲ ಬೆಳಕಿನಲ್ಲಿ ನೋಡಿ ಮತ್ತೆ ಇಳಿಯಬೇಕು. ದಿನಕ್ಕೆ ಇಪ್ಪತ್ತು ಸಲ. ಹತ್ತೊಂಬತ್ತು ವರ್ಷದಿಂದ.

ಅದೇ ಬೀದಿಯ ಮೊದಲನೇ ಮಹಡಿಯಲ್ಲಿ ದೊಡ್ಡ ಕಿಟಕಿಯ ಕೋಣೆಯೊಂದಿತ್ತು. ಅದನ್ನು ಕೊಳ್ಳಲೆಂದೇ ಕೂಡಿಟ್ಟ ಹಣವನ್ನು ಮೇಸ್ತ್ರಿ ಎರಡು ವರ್ಷದ ಹಿಂದೆ ಈ ಕಾರಿಗೆ ಸುರಿದಿದ್ದ. ಇಪ್ಪತ್ತನೇ ವಯಸ್ಸಿನಿಂದ ಮನಸ್ಸಲ್ಲಿಟ್ಟುಕೊಂಡಿದ್ದ ಕಾರು, ಕೈಗೆಟುಕುವ ಹಾಗೆ ಸಿಕ್ಕಿತ್ತು, ತಡೆಯಲಾಗಲಿಲ್ಲ. “ಎರಡೇ ವರ್ಷ. ಒಂದು ಕಾಸೂ ಕಡಿಮೆಯಾಗದ ಹಾಗೆ ಮಾರಿ ನಿನ್ನ ಕಿಟಕಿ ತಂದುಕೊಡ್ತೀನಿ,” ಎಂದು ಹೆಂಡತಿಗೆ ಮಾತು ಕೊಟ್ಟ. ಮಾತು ಕೊಟ್ಟವನಿಗೆ ಆಮೇಲೆ ಕಾರು ಓಡಿಸುವುದಕ್ಕೆ ಧೈರ್ಯವೇ ಬರಲಿಲ್ಲ. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಫೋನಿನಲ್ಲಿ ಅದರ ಬೆಲೆ ನೋಡುವುದು, ಭಾನುವಾರ ಒಂದು ಸುತ್ತು ಹಾಕಿ ತಂದು ನಿಲ್ಲಿಸಿ, ತೊಳೆದು, ಒರೆಸಿ, ಹೊದಿಸುವುದು. ಹೆಂಡತಿ ಅದರಲ್ಲಿ ಕೂತಿದ್ದು ಒಂದೇ ಸಲ. ಅಂದು ಅವಳ ಚೀಲದ ಜಿಪ್ಪು ಸೀಟಿಗೆ ತಾಗೀತೆಂದು ಅವನು ಮೂರು ಸಲ ಹೇಳಿದ್ದ. ಅವಳು ಮತ್ತೆ ಕೂರಲಿಲ್ಲ. ಅವನು ಎರಡೂ ಸೀಟಿಗೆ ಪ್ಲಾಸ್ಟಿಕ್ ಹೊಲಿಸಿ ಹಾಕಿಸಿದ.

ಈಗ ಎರಡು ವರ್ಷ ತುಂಬಿತ್ತು. ಕೋಣೆಯ ಮಾಲೀಕರು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದರು. ಅಷ್ಟರಲ್ಲಿ ಕೊಳ್ಳುವವರು ತಾವಾಗಿ ಬಂದರು, ಅದೂ ಅವನ ಗಿರಾಕಿಯೇ.

ಲಾರಿಯಮ್ಮನಿಗೆ ಎಪ್ಪತ್ತರ ಹತ್ತಿರ. ನಲವತ್ತು ವರ್ಷ ಲಾರಿ ಓಡಿಸಿ, ಆಮೇಲೆ ಓಡಿಸಲು ಬೇರೆಯವರನ್ನಿಟ್ಟು, ಈಗ ಎಲ್ಲ ಮಾರಿ ಕೈ ತೊಳೆದುಕೊಂಡಿದ್ದರು. “ಜೀವಮಾನ ಪೂರ್ತಿ ಎತ್ತರದಲ್ಲಿ ಕೂತು ಎಲ್ಲರ ನೆತ್ತಿ ನೋಡಿದ್ದಾಯ್ತು. ಇನ್ನು ನೆಲಕ್ಕೆ ಹತ್ತಿರ ಕೂತು ಓಡಿಸೋಣ ಅಂತ,” ಎಂದಿದ್ದರು. ಬೆಲೆಯ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ಅದೇ ಮೇಸ್ತ್ರಿಯನ್ನು ಹೆದರಿಸಿತ್ತು.

“ತಣ್ಣಗಿರುವಾಗ ಗೇರು ಸಲೀಸಾಗಿ ಬೀಳುತ್ತಾ?” “ತಿರುವಲ್ಲಿ ಹಿಂದಿನ ಚಕ್ರ ಏನಂತ ಹೇಳುತ್ತೆ?” ಲಾರಿಯಮ್ಮ ಕೇಳುತ್ತಾ ಹೋದರು, ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾ ಹೋದ. ಕೊನೆಗೆ ಅವರು ಕಾರಿನೊಳಗೆ ಕೂತು, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು, “ಹೋದ ವರ್ಷ ನನ್ನ ಹಲ್ಲಿನ ಸೆಟ್ಟು ಕೊಡುವಾಗ ನನಗೆ ಏನಂದ್ರಿ, ನೆನಪಿದೆಯಾ?” ಎಂದರು.

ನೆನಪಿತ್ತು. ಎಲ್ಲರಿಗೂ ಅವನು ಹೇಳುವುದು ಅದನ್ನೇ. ಸೆಟ್ಟು ಕೈಗೆ ಕೊಟ್ಟ ಮಾತ್ರಕ್ಕೆ ಅವನ ಲೆಕ್ಕದಲ್ಲಿ ಕೆಲಸ ಮುಗಿಯುತ್ತಿರಲಿಲ್ಲ. ಹಾಕಿಕೊಂಡು ಒಂದು ತಿಂಗಳು ಊಟ ಮಾಡಿ, ಎಲ್ಲಿ ಉಜ್ಜುತ್ತದೆ ಎಂದು ಬಂದು ಹೇಳಬೇಕು, ಅದನ್ನು ಅರೆದು ಸರಿಮಾಡಿದ ಮೇಲೆಯೇ ಸೆಟ್ಟು ನಿಮ್ಮದು. ಲಾರಿಯಮ್ಮ ಮಾತ್ರ ಸೆಟ್ಟನ್ನು ಲೋಟದ ನೀರಿನಲ್ಲಿ ಇಟ್ಟು, ತಿಂಗಳಾದ ಮೇಲೆ ಏನೂ ಉಜ್ಜುವುದಿಲ್ಲ ಎಂದು ಬಂದಿದ್ದರು. ಅವತ್ತು ಮೇಸ್ತ್ರಿ ದೊಡ್ಡವರೆಂದೂ ನೋಡದೆ ಬೈದಿದ್ದ.

“‘ಲೋಟದಲ್ಲಿಟ್ಟು ನೋಡೋಕಾ ನಾನಿದನ್ನ ಮಾಡಿಕೊಟ್ಟಿದ್ದು?’ ಅಂದ್ರಿ,” ಲಾರಿಯಮ್ಮ ಆ ಸೆಟ್ಟನ್ನೇ ಪೂರ್ತಿ ತೋರಿಸಿ ನಕ್ಕರು. “ಈಗ ನಾನು ಹೇಳ್ತೀನಿ ಕೇಳಿ. ಸಾವಿರ ಕಿಲೋಮೀಟರು ಓಡಿಸಿ. ಎಲ್ಲಿ ಉಜ್ಜುತ್ತೆ ಹೇಳಿ. ನೀವು ಕೇಳಿದ ಬೆಲೆಗೇ ತಗೊಳ್ತೀನಿ. ಓಡದೇ ಇರೋ ಗಾಡಿ ಒಳಗೆ ಏನಿದೆ ಅಂತ ದೇವರಿಗೂ ಗೊತ್ತಿರಲ್ಲ.”

ಹಾಗೆಂದು ಮೀಟರಿನ ಕೆಳಗಿನ ಸಣ್ಣ ಗುಂಡಿಯನ್ನು ತಾವೇ ಒತ್ತಿ, ಒಂದೊಂದು ಪ್ರಯಾಣವನ್ನು ಬೇರೆಯಾಗಿ ಎಣಿಸುವ ಅಂಕಿಗಳನ್ನು ಸೊನ್ನೆಗೆ ತಂದು ಇಳಿದರು.

ಅವರು ಹೋದ ಮೇಲೆ ಮೇಸ್ತ್ರಿ ತಲೆ ಮೇಲೆ ಕೈ ಹೊತ್ತು ಕೂತ. “ಸಾವಿರ ಓಡಿಸಿದ ಮೇಲೆ ಬೇಡ ಅಂದ್ರೆ? ಬೇರೆ ಯಾರೂ ಆ ಬೆಲೆ ಕೊಡಲ್ಲ.”

“ಕೊಡ್ತೀನಿ ಅಂದವರು ಅವರೊಬ್ಬರೇ ತಾನೇ,” ಎಂದಳು ಹೆಂಡತಿ. “ಇನ್ನು ಇಪ್ಪತ್ತೆರಡು ದಿನ ಇದೆ. ದಿನಕ್ಕೆ ನಲವತ್ತಾರು. ಬೆಳಿಗ್ಗೆ ಆರಕ್ಕೆ ಹೊರಟರೆ ಕೆಲಸದ ಹೊತ್ತಿಗೆ ಬರಬಹುದು. ನಾನೂ ಬರ್ತೀನಿ. ನೀವು ಒಬ್ಬರೇ ಹೋದ್ರೆ ಮೂಲೆ ತಿರುಗಿ ಅಲ್ಲೇ ನಿಲ್ಲಿಸಿಕೊಂಡು ಕೂತಿರ್ತೀರಿ.”

ಮೊದಲ ದಿನ ಅವನು ಬಿಸಿ ಮೇಣದ ತಟ್ಟೆ ಹೊತ್ತವನ ಹಾಗೆ ಓಡಿಸಿದ. ಕೆಳಗಿನ ಪ್ಲಾಸ್ಟಿಕ್ಕು ಇಬ್ಬರು ಅಲುಗಿದಾಗಲೆಲ್ಲ ಕರಕರ ಎನ್ನುತ್ತಿತ್ತು. ಊರ ಹೊರಗಿನ ರಸ್ತೆಯಲ್ಲಿ ಹಾಲಿನ ವ್ಯಾನು ಅವರನ್ನು ಹಿಂದೆ ಹಾಕಿತು. ಆಮೇಲೆ ಸೈಕಲ್ಲಿನ ಮುದುಕನೊಬ್ಬ ಪಕ್ಕಕ್ಕೆ ಬಂದು, ಕಾರನ್ನು ತುದಿಯಿಂದ ತುದಿಗೆ ನೋಡಿ, ಕರುಣೆಯಿಂದ, “ಕೆಟ್ಟಿದೆಯಾ?” ಎಂದು ಕೇಳಿದ. ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡಳು. ಅವಳ ಭುಜ ಕುಣಿಯುವುದು ಮೇಸ್ತ್ರಿಗೆ ಕಾಣುತ್ತಿತ್ತು.

ನಾಲ್ಕನೇ ದಿನ ಮುಂದಿನ ಟ್ರಕ್ಕಿನ ಚಕ್ರದಿಂದ ಜಲ್ಲಿಕಲ್ಲೊಂದು ಹಾರಿಬಂದು ಬಾನೆಟ್ಟಿಗೆ ಬಡಿಯಿತು. ಮೇಸ್ತ್ರಿ ಥಟ್ಟನೆ ಬ್ರೇಕು ಒತ್ತಿದ. ಪಕ್ಕಕ್ಕೆ ನಿಲ್ಲಿಸಿ ಇಳಿದು ನೋಡಿದ. ಅಕ್ಕಿಕಾಳಿನಷ್ಟು ಬಣ್ಣ ಹಾರಿ, ಒಳಗಿನ ಬೂದು ಲೋಹ ಕಾಣುತ್ತಿತ್ತು. ಅವನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಒಂದು ಕಲ್ಲಿಗೆ ಹೋಯಿತಲ್ಲ ಎಂದು ಅವನಿಗೆ ನಾಚಿಕೆ ಬಿಟ್ಟು ಅಳಬೇಕೆನಿಸಿತು.

ಹೆಂಡತಿ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದಳು. “ಎ-ಟುನೇ. ಅಂಚಿಗೆ ಒಂಚೂರು ಹಳದಿ ಸೇರಿಸಬೇಕು.”

“ಏನು ಸೇರಿಸೋದು?”

“ಮುಂದಿನ ಹಲ್ಲಿನ ಅಂಚು ಒಡೆದು ಬಂದ್ರೆ ಏನು ಮಾಡ್ತೀವಿ? ಅದೇ.”

ಆ ಸಂಜೆ ಅವಳು ಹಲ್ಲು ತುಂಬುವ ರಾಳವನ್ನು ಗಾಜಿನ ಮೇಲೆ ಕಲಸಿ, ಸೂಜಿಯ ತುದಿಯಿಂದ ಬಾನೆಟ್ಟಿನ ಗಾಯಕ್ಕೆ ಇಟ್ಟು, ನೀಲಿ ದೀಪ ಹಿಡಿದು ಗಟ್ಟಿ ಮಾಡಿದಳು. ಮೇಸ್ತ್ರಿ ಅದನ್ನು ಹಲ್ಲಿಗೆ ಹೊಳಪು ಕೊಡುವ ಚಕ್ರದಿಂದಲೇ ನಯ ಮಾಡಿದ. ಮರುದಿನ ಬೆಳಿಗ್ಗೆ ಗಾಯ ಎಲ್ಲಿತ್ತೆಂದು ಇಬ್ಬರೂ ಬೆರಳಾಡಿಸಿ ಹುಡುಕಬೇಕಾಯಿತು. ಅವನು ಜೋರಾಗಿ ನಕ್ಕುಬಿಟ್ಟ. ನಕ್ಕವನು ಒಳಗೆ ಕೂತು ಪ್ಲಾಸ್ಟಿಕ್ಕನ್ನು ಹಿಡಿದು ಎಳೆದ, ಹೊಲಿಗೆ ಪರ್ರೆಂದು ಬಿಚ್ಚಿಕೊಂಡಿತು. ಹೆಂಡತಿ ತನ್ನ ಸೀಟಿನದನ್ನೂ ಕಿತ್ತು ಮುದ್ದೆ ಮಾಡಿ ಮೂಲೆಗೆ ಎಸೆದಳು. ಅವತ್ತು ಮೇಲ್ಛಾವಣಿಯನ್ನೂ ಮಡಚಿದರು.

ಗುಡ್ಡದ ರಸ್ತೆ ಖಾಲಿ ಇತ್ತು. ನೇರ ದಾರಿ ಸಿಕ್ಕಿದ ಕೂಡಲೇ ಮೇಸ್ತ್ರಿ ಮೂರನೇ ಗೇರು ಹಾಕಿ, ಪೂರ್ತಿ ಒತ್ತಿದ.

ಅದು ಗುಡುಗಲಿಲ್ಲ, ಸಿಳ್ಳೆಯನ್ನೂ ಹಾಕಲಿಲ್ಲ. ಮೊದಲು ಗಂಟಲು ಸರಿಮಾಡಿಕೊಂಡಂತೆ ಒಂದು ಸದ್ದು, ಆಮೇಲೆ ಏರುತ್ತಾ ಏರುತ್ತಾ ಬೆನ್ನಿನ ಮೂಲಕ ಎದೆಗೆ ಬಂದು ಸೇರುವ ಒಂದು ಹಾಡು. ಹೆಂಡತಿ ಎರಡು ಕೈಯಲ್ಲೂ ಕೂದಲು ಹಿಡಿದುಕೊಂಡು ಕಿರುಚಿದಳು. ಅವನು ಗಾಬರಿಯಿಂದ ಕಾಲು ತೆಗೆದ.

“ಯಾಕ್ರೀ ನಿಲ್ಲಿಸಿದ್ರಿ?” ಎಂದಳು ಅವಳು. “ಇನ್ನೊಂದ್ಸಲ!”

ಅಲ್ಲಿಂದ ಮುಂದೆ ಅವರಿಗೆ ಅದೊಂದು ಗೀಳಾಯಿತು. ಸಂತೋಷ ಎನ್ನುವುದಕ್ಕಿಂತ ಹೆಚ್ಚಾಗಿ ಅದು ಕುತೂಹಲ. ಬಾಯಿಯೊಂದನ್ನು ಪರೀಕ್ಷಿಸುವಾಗ ಇರುವಂಥದ್ದೇ, ಮೇಸ್ತ್ರಿಗೆ ಚೆನ್ನಾಗಿ ಗೊತ್ತಿದ್ದ ಕುತೂಹಲ. ಬೆಳಗಿನ ಮೊದಲ ಐದು ನಿಮಿಷ ಎರಡನೇ ಗೇರು ಮುನಿಸಿಕೊಂಡಿರುತ್ತದೆ, ಗದರಿಸಬಾರದು, ಕಾಯಬೇಕು. ಎಡತಿರುವಿನಲ್ಲಿ ಧೈರ್ಯವಾಗಿ ಕೂತು ಹೋಗುತ್ತದೆ, ಬಲತಿರುವಿನಲ್ಲಿ ಸ್ವಲ್ಪ ಅನುಮಾನ. ಎಂಬತ್ತು ದಾಟಿದರೆ ಗಾಜಿನ ಮೂಲೆಯಲ್ಲೆಲ್ಲೋ ಗಾಳಿ ಪೀ ಎನ್ನುತ್ತದೆ. ಆ ಪೀ ಎಲ್ಲಿಂದ ಎಂದು ಹೆಂಡತಿ ಬೆರಳು ಒದ್ದೆ ಮಾಡಿಕೊಂಡು ಮೂರು ದಿನ ಹುಡುಕಿದಳು. ಬೆಳಿಗ್ಗೆ ಎದ್ದು ಫೋನಿನಲ್ಲಿ ಬೆಲೆ ನೋಡುವುದು ಮೇಸ್ತ್ರಿಗೆ ಯಾವತ್ತು ಮರೆತುಹೋಯಿತೋ ಅವನಿಗೇ ತಿಳಿಯಲಿಲ್ಲ.

ಹತ್ತೊಂಬತ್ತನೇ ದಿನ, ಸೇತುವೆಯ ಮೇಲೆ, ಮೂರು ಒಂಬತ್ತುಗಳು ಒಟ್ಟಿಗೆ ಉರುಳಿದವು. ಇಬ್ಬರೂ ಬಗ್ಗಿ ನೋಡುತ್ತಿದ್ದರು. ಆ ಸಣ್ಣ ಮೀಟರಿನಲ್ಲಿ ಇದ್ದದ್ದು ಮೂರೇ ಅಂಕಿಗಳ ಜಾಗ. ಸಾವಿರ ಬರಲಿಲ್ಲ, ಮೂರು ಸೊನ್ನೆ ಬಂತು.

“ಆಯ್ತು,” ಎಂದ ಮೇಸ್ತ್ರಿ.

“ಹೂಂ,” ಎಂದಳು ಹೆಂಡತಿ.

ಫೋನ್ ಮಾಡಬೇಕಿತ್ತು. ಅವನು ನಾಳೆ ಮಾಡೋಣವೆಂದ, ಮರುದಿನ ಅವಳೂ ಕೇಳಲಿಲ್ಲ. ಅವಳಿಗೆ ಕೊಟ್ಟ ಮಾತು ಅವನನ್ನು ಒಳಗೊಳಗೇ ಚುಚ್ಚುತ್ತಿತ್ತು. ಆ ಮೂರು ದಿನದಲ್ಲಿ ನೆಲಮಾಳಿಗೆಯ ಮೆಟ್ಟಿಲಲ್ಲಿ ಅವಳ ಹೆಜ್ಜೆ ಕೇಳಿದಾಗಲೆಲ್ಲ ಅವನು ಹದಿನಾಲ್ಕರವರೆಗೆ ಎಣಿಸಿದ. ಕೊನೆಗೆ ತಿಂಗಳ ಕೊನೆಯ ದಿನ ಬೆಳಿಗ್ಗೆ, ಗುಡ್ಡದ ನೆತ್ತಿಯಲ್ಲಿ ಕಾರು ನಿಲ್ಲಿಸಿ ಫೋನ್ ಕೈಗೆ ತೆಗೆದುಕೊಂಡ. ಅದು ತಾನಾಗಿಯೇ ಹೊಡೆದುಕೊಂಡಿತು. ಲಾರಿಯಮ್ಮ. ಅವನು ಮಾತಾಡುವ ಮೊದಲೇ ಹೆಂಡತಿ ಫೋನ್ ತೆಗೆದುಕೊಂಡಳು.

“ಸಾವಿರ ಆಯ್ತೇನಮ್ಮಾ?” ಲಾರಿಯಮ್ಮನ ದನಿ ಅವನಿಗೂ ಕೇಳಿಸುತ್ತಿತ್ತು.

ಹೆಂಡತಿ ಮೀಟರಿನ ಕಡೆ ಬಗ್ಗಿದಳು. “ನೋಡಿ ಹೇಳ್ತಿದೀನಿ ಅಮ್ಮಾ. ನೂರ ನಲವತ್ತೆಂಟು ತೋರಿಸ್ತಿದೆ.”

ಮೂರಂಕಿಯ ಮೀಟರು ಹೇಗೆ ಸೊನ್ನೆಗೆ ಮರಳುತ್ತದೆಂದು ಲಾರಿಯಮ್ಮ ನಲವತ್ತು ವರ್ಷ ನೋಡಿದವರು. ಅತ್ತ ಕಡೆ ಸಣ್ಣಗೆ ನಕ್ಕಂತಾಯಿತು. “ಹಾಗಾದ್ರೆ ಇನ್ನೂ ಬೇಕಾದಷ್ಟಿದೆ. ಎಲ್ಲಾದ್ರೂ ಉಜ್ಜುತ್ತಾ?”

“ಹುಡುಕ್ತಾ ಇದೀವಿ,” ಎಂದು ಹೆಂಡತಿ ಫೋನ್ ಇಟ್ಟಳು.

ಮೇಸ್ತ್ರಿ ಅವಳ ಕಡೆ ತಿರುಗಿ, “ಇವತ್ತೇ ಕೊನೇ ದಿನ. ಆ ಕೋಣೆ?” ಎಂದ.

“ಅಲ್ಲಿ ಇರೋದು ಒಂದೇ ಕಿಟಕಿ,” ಎಂದಳು.

ಅವಳು ಜಿಪ್ಪಿನ ಚೀಲ ತೆರೆದು ಒಂದು ಸಣ್ಣ ಡಬ್ಬಿ ತೆಗೆದಳು. ಅದರಲ್ಲಿ ನಿನ್ನೆ ಮುಗಿಸಿದ ಮುಂದಿನ ಹಲ್ಲು ಒಂದಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು, ಪಕ್ಕಕ್ಕೆ ಮಾದರಿಯ ಪಟ್ಟಿ ಹಿಡಿದು, ತೆರೆದ ಕಾರಿನಲ್ಲಿ ಕೈ ಮೇಲೆತ್ತಿ ಬೆಳಕಿಗೊಡ್ಡಿದಳು.

“ಸ್ವಲ್ಪ ಎಡಕ್ಕೆ ತಿರುಗಿಸಿ ನಿಲ್ಲಿಸ್ರೀ,” ಎಂದಳು. “ಬಿಸಿಲು ನೇರ ಬಿದ್ರೆ ಬಣ್ಣ ತಿಳಿಯಲ್ಲ.”

ಅವನು ಎಂಜಿನ್ ಚಾಲೂ ಮಾಡಿ, ಎರಡನೇ ಗೇರಿಗೆ ತೊಂದರೆ ಕೊಡದೆ, ಕಾರನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದ.