ಆರು ತಂತಿಗೆ ಒಂದೇ ಬೆರಳು

ಯಾರದೋ ಮೊಬೈಲಿನಲ್ಲಿ ಗಿಟಾರ್ ಮೊಳಗುತ್ತಿದೆ, ರಿಂಗ್‌ಟೋನ್ ಇರಬೇಕು, ಯಾಕೆ ಎತ್ತುತ್ತಿಲ್ಲ ಆ ಮನುಷ್ಯ, ಎತ್ತಪ್ಪ ಮಾರಾಯ — ಸೊರಬ ಬಿಟ್ಟು ಹತ್ತು ನಿಮಿಷವೂ ಆಗಿಲ್ಲ, ಶಿರಾಳಕೊಪ್ಪ ದಾಟಿ ಶಿಕಾರಿಪುರ ಮುಟ್ಟುವವರೆಗೂ ಇದನ್ನೇ ಕೇಳಬೇಕೋ ಏನೋ, ಪಕ್ಕದ ಸೀಟಿನಲ್ಲಿ ನನ್ನ ಗಿಟಾರು, ಚೀಲದೊಳಗೆ ಒರಗಿಕೊಂಡು ಕೂತಿದೆ, ಇವರಿಗೂ ಒಂದು ಟಿಕೆಟ್ ಹರೀಲೇನ್ರಿ ಮಲ್ಲಿಕಾರ್ಜುನಣ್ಣ ಅಂದ ಕಂಡಕ್ಟರ್, ನಾನೂ ನಕ್ಕೆ, ನಗುವ ಮುಖವೇ ಇದು, ಥೂ. ಶಿಕಾರಿಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಬಟ್ಟೆ ಅಂಗಡಿ ಮಲ್ಲಿಕಾರ್ಜುನ್ ಚಲೋ ಗಿಟಾರ್ ನುಡಿಸ್ತಾರ್ರಿ, ಭಾನುವಾರ ಅಂಗಡಿ ಮಾಳಿಗೆ ಮ್ಯಾಗ ಕಲಿಸ್ತಾರ್ರಿ — ಕಲಿಯುವವರಿಗೇನು ಕೊರತೆ, ಈಗ ಯಾರ ಮನೆಗೆ ಹೋದರೂ ಒಂದು ಗಿಟಾರ್ ಇರುತ್ತದೆ, ಬೀರುವಿನ ಮೇಲೋ ಬಾಗಿಲ ಸಂದಿಯಲ್ಲೋ, ಲೈನ್‌ಮನ್ ಉದಯ ಕಂಬ ಇಳಿದು ನೇರ ನನ್ನಲ್ಲಿಗೆ ಬರುತ್ತಾನೆ, ನಿವೃತ್ತ ಮೇಷ್ಟ್ರು ನಾಗರಾಜಪ್ಪ ಕನ್ನಡಕ ಒರೆಸಿಕೊಂಡು ಮುಂದೆಯೇ ಕೂರುತ್ತಾರೆ, ಯಾರಿಗೂ ವೇದಿಕೆ ಬೇಡ, ಕರೆಂಟು ಬೇಡ, ಸ್ಪೀಕರ್ ಪೆಟ್ಟಿಗೆ ಬೇಡ, ಮೂರು ಕಾರ್ಡ್, ಅಂದರೆ ಮೂರು ಸ್ವರಗುಚ್ಛ ಹಿಡಿಯಲು ಕಲಿತರೆ ಒಂದು ಹಾಡು ಕೈಯಿಂದ ಹೊರಡುತ್ತದೆ, ಆ ಖುಷಿ ಅವರಿಗೆ ಸಾಕು, ನನಗೂ ಸಾಕಾಗಿತ್ತು, ಅವರೆಲ್ಲ ಸಾರ್ ಸಾರ್ ಅನ್ನಲು ಶುರು ಮಾಡುವವರೆಗೆ.

ಸಾರ್‌ಗೆ ಎಫ್ ಕಾರ್ಡ್ ಬರುವುದಿಲ್ಲ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಕ್ಕೆ ಒತ್ತಿ ಹಿಡಿಯಬೇಕು, ಅಷ್ಟೇ, ಇಪ್ಪತ್ತೆರಡು ವರ್ಷದಿಂದ ಒತ್ತುತ್ತಿದ್ದೇನೆ, ಒಂದಲ್ಲ ಒಂದು ತಂತಿ ಸತ್ತ ಸದ್ದು ಮಾಡುತ್ತದೆ, ಅದಕ್ಕೇ ಹಾಡು ಆ ಜಾಗಕ್ಕೆ ಬಂದಾಗ ಬೆರಳು ಸಡಿಲ ಬಿಟ್ಟು ದನಿ ಏರಿಸಿ ಹಾಡುತ್ತೇನೆ, ಯಾರಿಗೂ ಗೊತ್ತಾಗಿರಲಿಲ್ಲ, ಲೋಕಮ್ಮ ಬರುವವರೆಗೆ — ಸೊರಬದ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವವರು, ಐವತ್ತೈದರ ಮೇಲಿರಬಹುದು, ಹಳೆಯ ಗಿಟಾರನ್ನು ಸೀರೆಯಲ್ಲಿ ಸುತ್ತಿಕೊಂಡು ಪ್ರತಿ ಭಾನುವಾರ ಬಸ್ಸಿಳಿಯುತ್ತಿದ್ದರು, ನಾಲ್ಕನೆಯ ವಾರ ಎಲ್ಲರ ಮುಂದೆ ಕೇಳಿಯೇಬಿಟ್ಟರು, ಸಾರ್, ಅಲ್ಲಿ ಬಂದಾಗ ನೀವು ಬೆರಳು ಎತ್ತಿಬಿಡ್ತೀರಲ್ಲ, ನಾವೂ ಹಂಗೇ ಎತ್ತಬೇಕಾ. ಕೊಂಕಿರಲಿಲ್ಲ ಆ ಮಾತಿನಲ್ಲಿ, ಉಪ್ಪು ಎಷ್ಟು ಹಾಕಲಿ ಅಂತ ಕೇಳುವ ಹಾಗೆ ಕೇಳಿದ್ದರು, ನನ್ನ ಕಿವಿ ಮಾತ್ರ ಕಾದ ಕಾವಲಿಯಾಯಿತು, ನಾಗರಾಜಪ್ಪ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು, ಆಗ ನಾನು ಅಂದೆ, ಲೋಕಮ್ಮಾರೆ, ನಿಮ್ಮ ಬೆರಳು ಮುದ್ದೆ ತಿರುವೋದಕ್ಕ ಸರಿ, ತಂತಿಗಲ್ಲ, ಸುಮ್ನೆ ಯಾಕ ಬಸ್ಸು ಹತ್ತಿ ಬರ್ತೀರಿ. ಎಲ್ಲರೂ ನಕ್ಕರು. ಅವರೂ ನಕ್ಕರು, ಹೌದಲ್ಲ ಅಂತ ಕೈ ತಿರುಗಿಸಿ ನೋಡಿಕೊಂಡರು, ಸೀರೆಯಲ್ಲಿ ಗಿಟಾರು ಸುತ್ತಿದರು, ಮುಂದಿನ ಭಾನುವಾರ ಬರಲಿಲ್ಲ, ಆಮೇಲೂ ಬರಲಿಲ್ಲ, ಬಾರದಿದ್ದುದಕ್ಕೆ ನನಗೆ ಹಾಯೆನಿಸಿತು, ಅದನ್ನೂ ಒಪ್ಪಿಕೊಳ್ಳಬೇಕು, ಹಾಯೆನಿಸಿತ್ತು.

ಎಂಟು ತಿಂಗಳಾದ ಮೇಲೆ ಮೊನ್ನೆ ಫೋನ್, ಸಾರ್ ನಾನು ಲೋಕಮ್ಮ, ಇಲ್ಲಿ ನಾವೊಂದು ಏಳೆಂಟು ಜನ ಸೇರಿ ಗಿಟಾರ್ ನುಡಿಸ್ತೀವಿ, ಭಾನುವಾರ ಮಧ್ಯಾಹ್ನ ನೀವು ಬರಲೇಬೇಕು — ಬೇಡ ಅನ್ನಬಹುದಿತ್ತು, ಅನ್ನಲಿಲ್ಲ, ಆ ಕೈಯಲ್ಲಿ ಏನು ಬಂದೀತು ನೋಡೋಣ ಅಂತಲೇ ಹೋದೆ, ಅದೂ ನಿಜ. ಮಹಿಳಾ ಸಂಘದ ಹಾಲ್, ಚಾಪೆ, ಪ್ಲಾಸ್ಟಿಕ್ ಕುರ್ಚಿ, ನರ್ಸೊಬ್ಬಳು, ಟೈಲರ್ ಒಬ್ಬ, ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ನುಡಿಸುವ ಅಜ್ಜಿ, ಲೋಕಮ್ಮ ಎದ್ದು ನಿಂತು ಇವರೇ ನನ್ನ ಗುರುಗಳು ಅಂದರು, ಮೊದಲ ಬಾರಿ ತಂತಿ ಹಿಡಿಸಿದ್ದು ಇವರೇ ಅಂದರು, ಮುದ್ದೆಯ ಮಾತು ಹೇಳಲಿಲ್ಲ, ಹೇಳಿದ್ದರೆ ಚೆನ್ನಾಗಿತ್ತು, ಕೂತು ನುಡಿಸಿದರು, ಹಾಡು ಆ ಜಾಗಕ್ಕೆ ಬಂತು, ತೋರುಬೆರಳು ಅಡ್ಡಕ್ಕೆ ಮಲಗಿತು, ಆರು ತಂತಿ, ಆರೂ ಸ್ಪಷ್ಟ, ಒಂದೂ ಸಾಯಲಿಲ್ಲ. ಹೇಗೆ ಕಲಿತಿರಿ ಅಂದೆ, ದಿನಾ ಅನ್ನ ಬೇಯೋ ಹೊತ್ತಲ್ಲಿ ಒತ್ತಿ ಒತ್ತಿ ನೋಡೋದು ಸಾರ್, ಆರು ತಿಂಗಳಾತು ಅಷ್ಟೇ. ಅಷ್ಟೇ. ಆಮೇಲೆ ನನ್ನ ಸರದಿ, ಸಾರ್ ನುಡಿಸ್ತಾರೆ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು, ಅದೇ ಹಾಡು ಸಾರ್ ಅಂದಳು ನರ್ಸ್, ಗಿಟಾರು ತೊಡೆಗೆ ಬಂದಿತ್ತು, ನನ್ನ ಬಾಯಿಂದ ಬಂದದ್ದು, ಬೆರಳು ಕೊಯ್ಕೊಂಡೀನ್ರಿ, ಬೆಳಿಗ್ಗೆ ಅಂಗಡ್ಯಾಗ ಬಟ್ಟೆ ಕತ್ತರಿಸುವಾಗ ಕತ್ತರಿ ತಾಗೇತಿ.

ಅಯ್ಯೋ ತೋರಿಸಿ ಅಂದರು ಲೋಕಮ್ಮ. ಕೈ ಎಳೆದುಕೊಂಡೆ, ಬಿಡಲಿಲ್ಲ, ತೋರುಬೆರಳನ್ನು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು, ಮೇಲೆ, ಕೆಳಗೆ, ಉಗುರಿನ ಪಕ್ಕ, ಎಲ್ಲೂ ಒಂದು ಗೀರೂ ಇಲ್ಲ, ನೋಡಿದರು, ನಾನೂ ನೋಡಿದೆ, ಒಂದು ಕ್ಷಣ ಮುಖ ಎತ್ತಿ ನನ್ನ ಕಣ್ಣು ನೋಡಿದರು, ಅವತ್ತು ನಾನು ಅವರ ಬೆರಳು ನೋಡಿ ಏನೆಂದಿದ್ದೆನೋ ಅದೆಲ್ಲ ಅನ್ನಬಹುದಿತ್ತು, ಇಡೀ ಹಾಲ್ ಕಿವಿಗೊಟ್ಟು ಕೂತಿತ್ತು — ಅವರು ಆ ಕಡೆ ತಿರುಗಿ ಗಟ್ಟಿಯಾಗಿ, ಆಳವಾಗೇ ಕೊಯ್ದಿದೆ, ಪಾಪ, ಇವತ್ತು ಸಾರ್ ನುಡಿಸೋದು ಬೇಡ ಅಂದರು, ಕರವಸ್ತ್ರದ ಅಂಚು ಹರಿದರು, ಸುತ್ತಿದರು. ಶಿರಾಳಕೊಪ್ಪ ಬಂತೇನೋ, ಜನ ಇಳಿಯುತ್ತಿದ್ದಾರೆ, ಬೆರಳಿನ ಬಟ್ಟೆ ಬಿಚ್ಚಬೇಕು, ಮನೆಯಲ್ಲಿ ಕೇಳುತ್ತಾರೆ, ಬಿಚ್ಚಲು ಕೈ ಬರುತ್ತಿಲ್ಲ, ಕಣ್ಣ ಮುಂದೆ ಇನ್ನೂ ಏನೂ ಆಗದ ಬೆರಳಿಗೆ ಲೋಕಮ್ಮ ಬಟ್ಟೆ ಸುತ್ತುತ್ತಿದ್ದಾರೆ, ಒಂದು ಸುತ್ತು, ಇನ್ನೊಂದು ಸುತ್ತು, ಗಂಟು ಹಾಕುತ್ತಿದ್ದಾರೆ, ಮೆತ್ತಗೆ, ನೋಯಬಾರದು ಅನ್ನುವ ಹಾಗೆ, ಗಂಟು ಹಾಕುತ್ತಿದ್ದಾರೆ, ಮೆತ್ತಗೆ —